ವಾದಪತ್ರ: ವ್ಯವಹಾರದ ಮೊದಲ ಪಾದ

ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡುವವನು ಮೊಟ್ಟಮೊದಲು ಸಲ್ಲಿಸಬೇಕಾದ ಬರಹಕ್ಕೆ ವಾದಪತ್ರವೆಂದು ಹೆಸರು. ಜನರ ಬಾಯಲ್ಲಿ ಅದು ದಾವಾ ಅರ್ಜಿ. ದಾವೆ, ಅರ್ಜಿ, ವಕಾಲತ್ತು ಎಂಬೀ ಮಾತುಗಳು ಅರಬ್ಬಿ ಮೂಲದವು. ಪಾರಸಿಯ ದಾರಿಯಿಂದ ಬಂದು ನಮ್ಮ ಕಚೇರಿಗಳಲ್ಲಿ ನೆಲೆನಿಂತಿವೆ. ಹೆಸರು ಈಚಿನದಾದರೂ ವಸ್ತು ಪ್ರಾಚೀನವಾದುದು.

ಯಾಜ್ಞವಲ್ಕ್ಯ ಸ್ಮೃತಿಯು ವ್ಯವಹಾರಕ್ಕೆ ನಾಲ್ಕು ಪಾದಗಳನ್ನು ಹೇಳುತ್ತದೆ: ಭಾಷೆ, ಉತ್ತರ, ಕ್ರಿಯೆ, ಸಾಧ್ಯಸಿದ್ಧಿ. ಮೊದಲನೆಯದಾದ ಭಾಷೆಯೇ ವಾದಪತ್ರ. ವಾದಿಯು ಹೇಳಿದುದನ್ನು ಪ್ರತಿವಾದಿಯ ಇದಿರಿನಲ್ಲಿ ವರ್ಷ, ಮಾಸ, ಪಕ್ಷ, ದಿನ, ಹೆಸರು ಮೊದಲಾದ ಗುರುತುಗಳೊಡನೆ ಬರೆಯಿಸಬೇಕೆಂಬುದು ಅಲ್ಲಿನ ವಿಧಿ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ತನ್ನ ಮಿತಾಕ್ಷರಾ ವ್ಯಾಖ್ಯಾನದಲ್ಲಿ ಈ ಭಾಗವನ್ನು ವಿಸ್ತರಿಸುತ್ತ, ಸ್ವೀಕಾರಕ್ಕೆ ಅರ್ಹವಲ್ಲದ ಪಕ್ಷಾಭಾಸಗಳನ್ನು ಉದಾಹರಣೆಸಹಿತ ವಿವರಿಸಿದ್ದಾನೆ. ಮೊಲದ ಕೊಂಬನ್ನು ಕೊಂಡೊಯ್ದು ಹಿಂದಿರುಗಿಸಲಿಲ್ಲವೆಂಬ ದೂರು ಅಪ್ರಸಿದ್ಧ. ತನ್ನ ಮನೆಯ ದೀಪದ ಬೆಳಕಿನಲ್ಲಿ ಇನ್ನೊಬ್ಬನು ಕೆಲಸಮಾಡಿಕೊಳ್ಳುತ್ತಾನೆಂಬುದು ನಿರಾಬಾಧ. ಇದರಿಂದ ಯಾರಿಗೂ ಹಾನಿಯಿಲ್ಲ. ಹುಬ್ಬು ಕುಣಿಸಿ ನಕ್ಕನೆಂಬುದು ಸಾಧಿಸಲು ಬಾರದ್ದು. ಮೂಕನು ಬೈದನೆಂಬುದು ತನಗೆ ತಾನೇ ವಿರುದ್ಧ. ಶಾಸ್ತ್ರಗ್ರಂಥದ ನಡುವೆ ಇಂತಹ ವಿನೋದ ದೊರೆಯುವುದು ವಿರಳ. ಆದರೆ ಈ ವಿನೋದದ ಹಿಂದೆ ಕಟುವಾದ ಅನುಭವವಿದೆ. ಮನಸ್ಸಿನ ನೋವೆಲ್ಲವೂ ನ್ಯಾಯಸಭೆ ತೀರಿಸಬಲ್ಲ ಹಕ್ಕಾಗುವುದಿಲ್ಲ.

ಈಗ ನಡೆಯುತ್ತಿರುವ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯೂ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತದೆ. ನ್ಯಾಯಾಲಯದ ಹೆಸರು, ವಾದಿ ಪ್ರತಿವಾದಿಗಳ ಹೆಸರು ವಿಳಾಸ, ವ್ಯಾಜ್ಯಕಾರಣ ಮತ್ತು ಅದು ಹುಟ್ಟಿದ ಕಾಲ, ಆ ನ್ಯಾಯಾಲಯಕ್ಕೆ ಅಧಿಕಾರವಿದೆಯೆಂದು ತೋರಿಸುವ ಸಂಗತಿಗಳು, ಬೇಡುವ ಪರಿಹಾರ, ದಾವೆಯ ಬೆಲೆ ಇವು ವಾದಪತ್ರದಲ್ಲಿ ಇರಲೇಬೇಕು. ಜಮೀನಿನ ವ್ಯಾಜ್ಯವಾದರೆ ಚಕ್ಕುಬಂದಿಯನ್ನಾಗಲಿ ಸರ್ವೆ ನಂಬರನ್ನಾಗಲಿ ಕೊಟ್ಟು ಸ್ವತ್ತನ್ನು ಗುರುತಿಸಬೇಕು. ಮುಖ್ಯ ಸಂಗತಿಗಳನ್ನು ಸಂಕ್ಷೇಪವಾಗಿ ಹೇಳಬೇಕೇ ಹೊರತು ಸಾಕ್ಷ್ಯವನ್ನು ಅಲ್ಲಿಯೇ ಹರಡಬಾರದು. ವ್ಯಾಜ್ಯಕಾರಣವೇ ಕಾಣದ ವಾದಪತ್ರ ತಿರಸ್ಕೃತವಾಗುತ್ತದೆ. ಹೊಸದಾಗಿ ದಾವೆ ಹೂಡಲು ಅಡ್ಡಿಯಿಲ್ಲವೆಂಬುದು ನಿಜ. ಆದರೆ ಕೊಟ್ಟ ಸಾಲದ ಹಣಕ್ಕೆ ಸಾಮಾನ್ಯವಾಗಿ ಮೂರೇ ವರ್ಷಗಳ ಅವಧಿ. ಅಷ್ಟರಲ್ಲಿ ಅದು ಕಳೆದುಹೋಗಿದ್ದರೆ ಬಡವನ ಹಣವೂ ಹೋದಂತೆಯೇ.

ಬರೆದುದರ ದೋಷಕ್ಕಿಂತ ಬರೆಯದೆ ಬಿಟ್ಟುದರ ದೋಷ ಹೆಚ್ಚು ಅಪಾಯಕರ. ಮನೆಯ ಬಾಡಿಗೆ ಮೂರು ವರ್ಷಗಳದು ಬಾಕಿಯಿದ್ದು, ಮಾಲೀಕನು ಒಂದು ವರ್ಷದ್ದನ್ನು ಮಾತ್ರ ಕೇಳಿ ದಾವೆ ಹೂಡಿದರೆ, ಉಳಿದೆರಡು ವರ್ಷಗಳ ಬಾಡಿಗೆಗೆ ಮತ್ತೆ ದಾವೆ ಹೂಡುವಂತಿಲ್ಲ. ಒಂದೇ ಕಾರಣದಿಂದ ಹುಟ್ಟಿದ ಹಕ್ಕನ್ನೆಲ್ಲ ಒಂದೇ ಬಾರಿಗೆ ಕೇಳಬೇಕು. ದಯೆಯಿಂದ ಬಿಟ್ಟರೂ ಮರೆತು ಬಿಟ್ಟರೂ ಫಲ ಒಂದೇ.

ತಪ್ಪನ್ನು ತಿದ್ದಲು ಅವಕಾಶವಿಲ್ಲವೆ? ಹಿಂದೆ ವಾದಿಯ ಮಾತನ್ನು ಮೊದಲು ಹಲಗೆಯ ಮೇಲೆ ಬರೆದು, ತಿದ್ದಿ, ಅನಂತರ ಪತ್ರಕ್ಕೆ ಏರಿಸಬೇಕೆಂದು ಕಾತ್ಯಾಯನನು ವಿಧಿಸಿದ್ದನು. ಪ್ರತಿವಾದಿಯ ಉತ್ತರ ಬರುವವರೆಗೆ ತಿದ್ದಬಹುದೆಂದು ನಾರದನ ಮತ. ಇಂದಿನ ಸಂಹಿತೆ ಇನ್ನೂ ಉದಾರವಾಗಿ ತಿದ್ದುಪಡಿಗೆ ಎಡೆಗೊಟ್ಟಿದೆ. ಆದರೂ 2002ರಲ್ಲಿ ಜಾರಿಗೆ ಬಂದ ನಿಯಮದಂತೆ, ವಿಚಾರಣೆ ಆರಂಭವಾದ ಮೇಲೆ, ತಕ್ಕ ಎಚ್ಚರ ವಹಿಸಿದ್ದರೂ ಮೊದಲೇ ಎತ್ತಲಾಗುತ್ತಿರಲಿಲ್ಲವೆಂದು ನ್ಯಾಯಾಲಯಕ್ಕೆ ಮನವರಿಕೆಯಾದ ಹೊರತು ಅನುಮತಿ ದೊರೆಯದು.

ಪತ್ರದ ಕೊನೆಯಲ್ಲಿ ಸತ್ಯಾಪನೆ ಇರುತ್ತದೆ. ಯಾವ ಕಂಡಿಕೆ ತನ್ನ ಸ್ವಂತ ಅರಿವಿನಿಂದ ನಿಜ, ಯಾವುದು ಬಲ್ಲವರಿಂದ ತಿಳಿದು ನಂಬಿದ್ದು ಎಂಬುದನ್ನು ವಾದಿಯು ಸಂಖ್ಯೆಗಳನ್ನು ಹೆಸರಿಸಿ ಹೇಳಿ, ದಿನಾಂಕ ಸ್ಥಳಗಳೊಡನೆ ಸಹಿ ಹಾಕಬೇಕು. ಜೊತೆಗೆ ಪ್ರಮಾಣಪತ್ರವನ್ನೂ ಕೊಡಬೇಕು. ಇಲ್ಲಿಯೇ ಅನೇಕರು ಎಡವುತ್ತಾರೆ. ವಕೀಲರ ಗುಮಾಸ್ತೆ ತೋರಿಸಿದಲ್ಲಿ ಹೆಬ್ಬೆಟ್ಟು ಒತ್ತಿ ಬಂದವನು, ಪಾಟೀಸವಾಲಿನ ದಿನ ತನ್ನ ಹೆಸರಿನಲ್ಲಿ ಬರೆದಿರುವುದನ್ನು ಮೊದಲ ಬಾರಿಗೆ ಕೇಳಿ ಬೆಪ್ಪಾಗುತ್ತಾನೆ. ಕರ್ನಾಟಕದ ಕೆಳಗಿನ ನ್ಯಾಯಾಲಯಗಳಲ್ಲಿ ವಾದಪತ್ರವನ್ನು ಕನ್ನಡದಲ್ಲಿಯೇ ಬರೆಯಬಹುದು. ಇಂಗ್ಲಿಷಿನಲ್ಲಿ ಬರೆದಿದ್ದರೆ, ಸಹಿಗೆ ಮುನ್ನ ಕಂಡಿಕೆ ಕಂಡಿಕೆಯಾಗಿ ಕನ್ನಡದಲ್ಲಿ ಓದಿಸಿ ಕೇಳಬೇಕು. ಅದರ ಪ್ರತಿಯೇ ಸಮನ್ಸಿನೊಡನೆ ಪ್ರತಿವಾದಿಯ ಮನೆಬಾಗಿಲಿಗೆ ಹೋಗುತ್ತದೆ. ಅಲ್ಲಿ ಅದನ್ನು ಸಾಲುಸಾಲಾಗಿ ಓದುವವರು ಇರುತ್ತಾರೆ.