ಔಷಧ ಚೀಟಿ ಹೇಳುವ ಕಥೆ



ಒಬ್ಬ ಅಜ್ಜಿ ರಕ್ತದೊತ್ತಡಕ್ಕೆ ಎನಾಲಾಪ್ರಿಲ್ ಮಾತ್ರೆ ಆರಂಭಿಸುತ್ತಾರೆ ಎಂದುಕೊಳ್ಳಿ. ಕೆಲವು ವಾರಗಳ ನಂತರ ಒಣಕೆಮ್ಮು. ಮನೆಯವರು ಧೂಳು, ಚಳಿ ಎನ್ನುತ್ತಾರೆ. ಇನ್ನೊಬ್ಬ ವೈದ್ಯರು ಹಳೆಯ ಚೀಟಿ ನೋಡದೆ ಕೆಮ್ಮಿನ ಸಿರಪ್ ಬರೆಯುತ್ತಾರೆ. ಕೆಮ್ಮು ನಿಲ್ಲುವುದಿಲ್ಲ, ಔಷಧಗಳು ಮಾತ್ರ ಹೆಚ್ಚುತ್ತವೆ.

ಕಾರಣ ಮಾತ್ರೆಯಲ್ಲೇ ಇರಬಹುದು. ಆಂಜಿಯೋಟೆನ್ಸಿನ್ ಹೆಸರನ್ನು ನೀವು ಮೂತ್ರಪಿಂಡದ ಪಾಠದಲ್ಲಿ ಓದಿದ್ದೀರಿ. ಅದನ್ನು ಕ್ರಿಯಾಶೀಲಗೊಳಿಸುವ ಕಿಣ್ವವನ್ನು ಎನಾಲಾಪ್ರಿಲ್ ತಡೆಯುತ್ತದೆ. ಅದೇ ಕಿಣ್ವ ಬ್ರಾಡಿಕೈನಿನ್ ಎಂಬ ವಸ್ತುವನ್ನೂ ಒಡೆಯುತ್ತದೆ. ಕಿಣ್ವ ಸುಮ್ಮನಾದರೆ ಬ್ರಾಡಿಕೈನಿನ್ ಉಳಿದು, ಶ್ವಾಸನಾಳವನ್ನು ಕೆರಳಿಸುತ್ತದೆ ಎಂಬುದು ವಿಜ್ಞಾನಿಗಳ ವಿವರಣೆ.

ಔಷಧ ಮಾರುಕಟ್ಟೆಗೆ ಬರುವ ಮುನ್ನ ಸಾಮಾನ್ಯವಾಗಿ ಕೆಲವು ಸಾವಿರ ಜನರ ಮೇಲಷ್ಟೇ ಪರೀಕ್ಷೆ ನಡೆದಿರುತ್ತದೆ. ಅಪರೂಪದ ತೊಂದರೆ ಅಲ್ಲಿ ಕಾಣದೇ ಹೋಗಬಹುದು. ಲಕ್ಷಾಂತರ ಜನ ಬಳಸಿದ ಮೇಲೆ ಅದನ್ನು ಹುಡುಕುವುದು ಹೇಗೆ? 1996ರಲ್ಲಿ ಡೆನ್ಮಾರ್ಕಿನ ಸಂಶೋಧಕ ಯೆಸ್ಪರ್ ಹಲ್ಲಾಸ್ ಒಂದು ಸರಳ ದಾರಿ ತೋರಿಸಿದರು. ಹೃದಯ ಮತ್ತು ರಕ್ತನಾಳದ ಔಷಧಗಳಿಂದ ಖಿನ್ನತೆ ಬರುತ್ತದೆಯೇ ಎಂದು ತಿಳಿಯಲು ಅವರು ಔಷಧ ಚೀಟಿಗಳ ದಾಖಲೆಯಲ್ಲಿ ಯಾವ ಔಷಧ ಮೊದಲು, ಯಾವುದು ನಂತರ ಎಂದು ಎಣಿಸಿದರು.

ನಮ್ಮ ಉದಾಹರಣೆಗೆ ಇದನ್ನು ಅನ್ವಯಿಸೋಣ. ಒಂದು ವರ್ಷದಲ್ಲಿ 300 ಜನ ಎರಡೂ ಔಷಧಗಳನ್ನು ಹೊಸದಾಗಿ ಆರಂಭಿಸಿದರು ಎಂದು ಭಾವಿಸಿ. ಅವೆರಡಕ್ಕೂ ಸಂಬಂಧವೇ ಇಲ್ಲದಿದ್ದರೆ, ಸುಮಾರು 150 ಜನರಿಗೆ ಮಾತ್ರೆ ಮೊದಲು, 150 ಜನರಿಗೆ ಸಿರಪ್ ಮೊದಲು ಸಿಕ್ಕಿರಬೇಕು. ಅನುಪಾತ 1. ಆದರೆ 200 ಜನರಿಗೆ ಮಾತ್ರೆ ಮೊದಲು, 100 ಜನರಿಗೆ ಸಿರಪ್ ಮೊದಲು ಇದ್ದರೆ ಅನುಪಾತ 200 ÷ 100 = 2. ತಕ್ಕಡಿ ಒಂದು ಕಡೆ ವಾಲಿತು, ಅಂದರೆ ಸುಳಿವು ಸಿಕ್ಕಿತು.

ಇಲ್ಲಿ ಎಣಿಸುವುದು ಎರಡೂ ಔಷಧ ಪಡೆದವರನ್ನೇ. ಆದ್ದರಿಂದ ಅನುವಂಶಿಕತೆ, ಲಿಂಗ ಮುಂತಾದ ಬದಲಾಗದ ಅಂಶಗಳು ಲೆಕ್ಕವನ್ನು ಅಷ್ಟಾಗಿ ಕೆಡಿಸುವುದಿಲ್ಲ.

ಆದರೆ ಸುಳಿವು ಸಾಕ್ಷಿಯಲ್ಲ. ವರ್ಷದ ಕೊನೆಗೆ ಚಳಿಯಿಂದಾಗಿ ಸಿರಪ್ ಬಳಕೆ ಹೆಚ್ಚಿದರೆ, ಮಾತ್ರೆಯ ತಪ್ಪಿಲ್ಲದೆಯೂ ಅನುಪಾತ ಏರುತ್ತದೆ. ಕೆಮ್ಮಿಗೆಂದು ಆಸ್ಪತ್ರೆಗೆ ಹೋದಾಗಲೇ ಹಲವರಿಗೆ ಬಿಪಿ ಇರುವುದು ಗೊತ್ತಾದರೆ ಅನುಪಾತ ಇಳಿಯುತ್ತದೆ. ಇವನ್ನು ಸರಿಪಡಿಸಿ, ಬೇರೆ ವಿಧಾನಗಳಿಂದಲೂ ಪರೀಕ್ಷಿಸಿದ ನಂತರವೇ ತೀರ್ಮಾನ. ಜೊತೆಗೆ, ಚೀಟಿ ಇಲ್ಲದೆ ಅಂಗಡಿಯಿಂದ ಕೊಂಡ ಸಿರಪ್ ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ನಮ್ಮ ದೇಶದಲ್ಲಿ ಅಡ್ಡಪರಿಣಾಮಗಳ ವರದಿಗಳನ್ನು ಸಂಗ್ರಹಿಸುವ ರಾಷ್ಟ್ರೀಯ ಕಾರ್ಯಕ್ರಮ 2010ರಲ್ಲಿ ಆರಂಭವಾಯಿತು. ಗಾಜಿಯಾಬಾದ್‌ನ ಭಾರತೀಯ ಫಾರ್ಮಕೋಪಿಯ ಆಯೋಗ ಅದರ ಕೇಂದ್ರ. ವೈದ್ಯರಷ್ಟೇ ಅಲ್ಲ, ರೋಗಿಗಳೂ ಅಲ್ಲಿಗೆ ವರದಿ ಕಳುಹಿಸಬಹುದು.

ಈ ವಾರ ಮನೆಯಲ್ಲಿ ಒಂದು ಕೆಲಸ ಮಾಡಿ. ಹಿರಿಯರ ಚೀಟಿಗಳನ್ನೆಲ್ಲ ದಿನಾಂಕದ ಕ್ರಮದಲ್ಲಿ ಒಂದೇ ಫೈಲಿಗೆ ಹಾಕಿ. ಹೊಸ ತೊಂದರೆ ಶುರುವಾದ ದಿನವನ್ನೂ ಬರೆದಿಡಿ. ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ. ಫೈಲನ್ನು ವೈದ್ಯರ ಮುಂದಿಟ್ಟು, "ಇದು ಆ ಮಾತ್ರೆಯಿಂದ ಬಂದಿರಬಹುದೇ?" ಎಂದು ಕೇಳಿ.