ಟೋಪಿ ತೆಗೆದ ಮೇಲಿನ ಕೆಲಸ

ನಿವೃತ್ತ ಪೊಲೀಸರ ಸಂಘದ ಜಿಲ್ಲಾ ಅಧ್ಯಕ್ಷ ಸ್ಥಾನ ಈಗ ನಿಮ್ಮದು. ಲೆಕ್ಕದ ಪುಸ್ತಕ, ಸೀಲು, ಬೀರುವಿನ ಕೀಲಿಕೈ ಎಲ್ಲ ನಿಮ್ಮ ಕೈ ಸೇರಿದೆ. ಠಾಣೆಯ ಚಾರ್ಜ್ ಕೊಡುವಾಗ ರಿಜಿಸ್ಟರಿನಲ್ಲಿ ಬರೆಯಲಾಗದ ಕೆಲವು ಸಂಗತಿಗಳನ್ನು ಪಕ್ಕಕ್ಕೆ ಕರೆದು ಹೇಳುತ್ತಿದ್ದೆವಲ್ಲ, ಅಂಥವು ನನ್ನ ಬಳಿ ಇನ್ನೂ ಉಳಿದಿವೆ. ಒಂದು ವರ್ಷ ಆ ಕುರ್ಚಿಯಲ್ಲಿ ಕೂತವನಾಗಿ, ವಯಸ್ಸಿನಲ್ಲಿ ನಿಮಗಿಂತ ಹಿರಿಯನಾಗಿ ಹೇಳುತ್ತಿದ್ದೇನೆ.

ಸಂಘದ ಬೈಲಾ ಪ್ರಕಾರ ನಾವೆಲ್ಲ ಬರೀ ಸದಸ್ಯರು. ಸಭೆಗೆ ಬಂದು ನೋಡಿದರೆ ಹಾಗಿರುವುದಿಲ್ಲ. ಎಸ್‌ಪಿ, ಡಿವೈಎಸ್‌ಪಿಗಳಾಗಿ ನಿವೃತ್ತರಾದವರು ಮುಂದಿನ ಸಾಲಿನಲ್ಲಿ, ಇನ್‌ಸ್ಪೆಕ್ಟರುಗಳು ಅವರ ಹಿಂದೆ. ದಫೇದಾರರು, ಪಿಸಿಗಳು ಬಾಗಿಲ ಬಳಿ ಗೋಡೆಗೆ ಒರಗಿ ನಿಲ್ಲುತ್ತಾರೆ. ಕುರ್ಚಿ ಖಾಲಿ ಇದ್ದರೂ ಕೂರುವುದಿಲ್ಲ. ಯೂನಿಫಾರ್ಮ್ ಕಳಚಿ ಹದಿನೈದು ವರ್ಷ ಆಗಿದ್ದರೂ ಹಳೆಯ ಸಾಹೇಬರ ಎದುರು ಅವರ ಬಾಯಿ ಕಟ್ಟುತ್ತದೆ. ಅವರನ್ನು ಕೂರಿಸುವುದು, ಮಾತಾಡಿಸುವುದು ನಿಮ್ಮ ಮೊದಲ ಕೆಲಸ. ಕುರ್ಚಿಗಳನ್ನು ಸುತ್ತಲೂ ಹಾಕಿಸಿ. ಬಾಗಿಲ ಬಳಿ ಇರುವವರಿಂದಲೇ ಮಾತು ಶುರುವಾಗಲಿ. ಯಾರ ಬಾಯಲ್ಲೂ ಏಕವಚನ ಬರದಂತೆ ನೋಡಿಕೊಳ್ಳಿ.

ಇದನ್ನು ಮರ್ಯಾದೆಯ ಮಾತೆಂದು ಮಾತ್ರ ತಿಳಿಯಬೇಡಿ. ಅಧಿಕಾರಿಗಳಾಗಿದ್ದವರು ಮೊದಲು ಮಾತಾಡಿದ ದಿನ ಚರ್ಚೆ ಸಮ್ಮೇಳನ, ಸನ್ಮಾನ, ಸ್ಮರಣ ಸಂಚಿಕೆಗಳ ಸುತ್ತ ಸುತ್ತುತ್ತದೆ. ಪಿಸಿಗಳು ಮೊದಲು ಮಾತಾಡಿದ ದಿನ ಆಸ್ಪತ್ರೆ ಬಿಲ್ಲು, ನಿಂತುಹೋದ ಪಿಂಚಣಿ, ತೀರಿಕೊಂಡ ಸಹೋದ್ಯೋಗಿಯ ಹೆಂಡತಿಯ ಪಾಡು ಹೊರಗೆ ಬರುತ್ತದೆ. ಸಂಘ ಇರುವುದು ಈ ಎರಡನೆಯದಕ್ಕೆ. ಈ ವರ್ಷ ನನಗೆ ಮನದಟ್ಟಾದದ್ದು ಇಷ್ಟೇ.

ತೀರಿಕೊಂಡ ಸಹೋದ್ಯೋಗಿಗಳ ಹೆಂಡತಿಯರ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹೆಗ್ಗಡದೇವನಕೋಟೆ ಕಡೆಯ ಒಬ್ಬ ತಾಯಿ ನಮ್ಮ ಬಳಿ ಬಂದರು. ಗಂಡ ಜಿಲ್ಲಾ ಸಶಸ್ತ್ರ ಮೀಸಲು ಪಡೆಯಲ್ಲಿದ್ದು ನಿವೃತ್ತರಾದವರು. ಅವರು ತೀರಿಕೊಂಡ ಮೇಲೆ ಕುಟುಂಬ ಪಿಂಚಣಿ ಬರಬೇಕಿತ್ತು, ಬರಲಿಲ್ಲ. ಪಿಂಚಣಿ ಪಾವತಿ ಆದೇಶದಲ್ಲಿ (ಪಿಪಿಒ) ಆಕೆಯನ್ನು ಮನೆಯಲ್ಲಿ ಕರೆಯುವ ಹೆಸರಿತ್ತು, ಆಧಾರಿನಲ್ಲಿ ಪೂರ್ತಿ ಹೆಸರು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಗಂಡನ ಹೆಸರು ಸೇರಿದ ಇನ್ನೊಂದು ಹೆಸರು. ಮೂರೂ ಆಕೆಯೇ. ಆದರೆ ಕೌಂಟರಿನ ಹಿಂದೆ ಕೂತವರಿಗೆ ಅವರು ಮೂರು ಜನ. ಅಫಿಡವಿಟ್ ಮಾಡಿಸಿ, ಗಂಡ ಕೊನೆಗೆ ಕೆಲಸ ಮಾಡಿದ ಕಚೇರಿಯಿಂದ ಪತ್ರ ಹಾಕಿಸಿ, ಬೆಂಗಳೂರಿನ ಮಹಾಲೇಖಪಾಲರ ಕಚೇರಿಯವರೆಗೆ ಕಾಗದ ಹೋಗಿ ತಿದ್ದುಪಡಿಯಾಗಿ ಬರುವ ಹೊತ್ತಿಗೆ ಆ ತಾಯಿ ಕಿವಿಯ ಓಲೆ ಅಡ ಇಟ್ಟಾಗಿತ್ತು. ಆಕೆಯ ಗಂಡ ಬೇರೆಯವರ ಮನೆಯ ಕಷ್ಟಕ್ಕೆ ಹಗಲು ರಾತ್ರಿ ಓಡಿದ ಮನುಷ್ಯ. ತಮ್ಮ ಮನೆಯ ಕಾಗದ ಒಂದನ್ನು ತಾಳೆ ನೋಡಲು ಅವರಿಗೆ ಬಿಡುವಾಗಲಿಲ್ಲ, ಯಾರೂ ನೆನಪೂ ಮಾಡಲಿಲ್ಲ.

ಇಂಥ ಮನೆಗಳು ನಮ್ಮ ಜಿಲ್ಲೆಯಲ್ಲಿ ಇನ್ನೂ ಇವೆ. ಆದ್ದರಿಂದ ಪ್ರತಿ ಸದಸ್ಯನಿಂದ, ಅವನು ಬದುಕಿರುವಾಗಲೇ, ಪಿಪಿಒ ಹೊರಗೆ ತೆಗೆಸಿ. ಹೆಂಡತಿಯ ಹೆಸರು, ಹುಟ್ಟಿದ ದಿನಾಂಕ, ಜಂಟಿ ಫೋಟೊ ಸರಿಯಿದೆಯೇ ನೋಡಿಸಿ. ಆ ಕಾಗದ ಎಲ್ಲಿದೆ, ಖಾತೆ ಯಾವ ಬ್ಯಾಂಕಿನದು, ತಾನಿಲ್ಲವಾದರೆ ಮೊದಲು ಎಲ್ಲಿಗೆ ಹೋಗಬೇಕು ಎಂಬುದು ಹೆಂಡತಿಗೆ ಗೊತ್ತಿರಲಿ. ಸಾವಿನ ಮಾತು ಈಗ ಯಾಕೆ ಎಂದು ಕೆಲವರು ಮುಖ ಸಿಂಡರಿಸುತ್ತಾರೆ. ಬಿಡಬೇಡಿ. ಸಭೆಗೆ ಗಂಡನ ಜೊತೆ ಹೆಂಡತಿಯನ್ನೂ ಕರೆಯಿರಿ. ಅರ್ಧ ಕೆಲಸ ಅವರೇ ಮಾಡಿಸುತ್ತಾರೆ.

ನವೆಂಬರ್ ತಿಂಗಳಲ್ಲಿ ಜೀವಂತ ಪ್ರಮಾಣಪತ್ರದ ಗಲಾಟೆ. ಹಾಸಿಗೆ ಹಿಡಿದವರನ್ನು ಆಟೊದಲ್ಲಿ ಹೊತ್ತು ತಂದು ಬ್ಯಾಂಕಿನ ಮೆಟ್ಟಿಲಲ್ಲಿ ಕೂರಿಸುವುದನ್ನು ನಾವೆಲ್ಲ ನೋಡಿದ್ದೇವೆ. ಕೇಂದ್ರ ಸರ್ಕಾರ 2014ರಲ್ಲಿ ಜೀವನ್ ಪ್ರಮಾಣ್ ಎಂಬ ಡಿಜಿಟಲ್ ಪ್ರಮಾಣಪತ್ರ ತಂದಿತು. ವಯಸ್ಸಾದವರ ಬೆರಳು ಸವೆದು ಅಚ್ಚು ಮೂಡುವುದಿಲ್ಲವೆಂದು 2021ರಲ್ಲಿ ಮೊಬೈಲಿಗೆ ಮುಖ ತೋರಿಸುವ ವ್ಯವಸ್ಥೆಯೂ ಬಂತು. ತಾಲ್ಲೂಕಿಗೆ ಒಬ್ಬಿಬ್ಬರು ಹುಡುಗರನ್ನು, ನಮ್ಮ ಸದಸ್ಯರ ಮಕ್ಕಳನ್ನೇ, ಗುರುತಿಸಿ ಮನೆಮನೆಗೆ ಕಳಿಸಿ. ನಂಜನಗೂಡು, ಹುಣಸೂರು ಕಡೆ ಹೀಗೆ ಹೋದವರು ಪ್ರಮಾಣಪತ್ರದ ಜೊತೆಗೆ ಯಾರು ಹೇಗಿದ್ದಾರೆ ಎಂಬ ಸುದ್ದಿಯನ್ನೂ ತರುತ್ತಾರೆ.

ಬೇಡಿಕೆಗಳ ವಿಷಯಕ್ಕೆ ಬರುತ್ತೇನೆ. ರಾಜ್ಯದ ಏಳನೇ ವೇತನ ಆಯೋಗದ ವೇತನ 2024ರ ಆಗಸ್ಟ್ 1ರಿಂದ ಕೈಗೆ ಬಂತು. 2022ರ ಜುಲೈ 1ರಿಂದ 2024ರ ಜುಲೈ 31ರ ನಡುವೆ ನಿವೃತ್ತರಾದವರಿಗೆ ಉಪದಾನ, ಕಮ್ಯುಟೇಷನ್, ರಜೆ ನಗದೀಕರಣ ಹಳೆಯ ವೇತನದ ಮೇಲೆ ಲೆಕ್ಕವಾಯಿತು. ಅವರ ಅಳಲು ನ್ಯಾಯವಾದದ್ದು ಎಂದು ನಾನು ನಂಬಿದ್ದೇನೆ. ಆದರೆ ಇದು ಪೊಲೀಸರ ಅಳಲು ಮಾತ್ರವಲ್ಲ. ಶಿಕ್ಷಕರು, ಕಂದಾಯ ಇಲಾಖೆಯವರು, ಆರೋಗ್ಯ ಇಲಾಖೆಯವರು ಎಲ್ಲ ಇದರಲ್ಲಿದ್ದಾರೆ. ಅವರ ಸಭೆಗಳಿಗೆ ಹೋಗಿ ಅವರ ಜೊತೆ ಕೂರಿ. ಪೊಲೀಸರೆಂದು ಬೇರೆ ನಿಂತು ಅಭ್ಯಾಸವಾದ ನಮಗೆ ಇದು ಸ್ವಲ್ಪ ಕಷ್ಟ, ಆದರೂ ಹೋಗಿ.

ಇನ್ನೊಂದು ಹೊಣೆಯಿದೆ. ಸೇವೆಯಲ್ಲಿರುವ ನಮ್ಮ ಮಕ್ಕಳು ಬಾಯಿ ಬಿಡುವ ಹಾಗಿಲ್ಲ. ಸಂವಿಧಾನದ 33ನೇ ವಿಧಿ, ಅದರಡಿ ಬಂದ 1966ರ ಕಾನೂನು ಪೊಲೀಸರ ಸಂಘಟನೆಯ ಹಕ್ಕಿಗೆ ಮಿತಿ ಹಾಕಿವೆ. ಶಿಸ್ತಿನ ಪಡೆಗೆ ಆ ಮಿತಿ ಬೇಕು ಎಂದೇ ನನ್ನ ಅಭಿಪ್ರಾಯ. ಆದರೆ ಮಿತಿ ಇದೆಯೆಂದು ಸಂಕಟ ಇಲ್ಲವಾಗುವುದಿಲ್ಲ. 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕುತ್ತೇವೆಂದು ಕೆಳಹಂತದ ಪೊಲೀಸರು ಹೊರಟಾಗ ಇಡೀ ರಾಜ್ಯ ಬೆಚ್ಚಿತು. ಆಮೇಲೆ ಅವರ ವೇತನದ ಬಗ್ಗೆ ಔರಾದಕರ್ ಸಮಿತಿ, ವರದಿ, 2019ರಲ್ಲಿ ವೇತನದ ಆದೇಶ. ಅಷ್ಟರಮಟ್ಟಿಗೆ ಕಾವೇರುವ ಮೊದಲೇ ಅವರ ಮಾತನ್ನು ಮೇಲಿನವರ ಕಿವಿಗೆ ಹಾಕಲು ನಮ್ಮಿಂದಾಗುತ್ತದೆ. ನಾವೀಗ ಸಾಮಾನ್ಯ ನಾಗರಿಕರು, ಮಾತಾಡುವ ಹಕ್ಕು ನಮಗಿದೆ. ವಾರದ ರಜೆ, ಸೋರುವ ಕ್ವಾರ್ಟರ್ಸ್, ಬಂದೋಬಸ್ತಿಗೆ ಹೋದ ಹೆಣ್ಣುಮಕ್ಕಳಿಗೆ ಶೌಚಾಲಯ ಇಲ್ಲದಿರುವುದು: ಇವನ್ನು ಬರೆದು, ಸಹಿ ಮಾಡಿ, ಎಸ್‌ಪಿಯವರ ಕೈಗೆ ಕೊಡಿ. ಪತ್ರಿಕೆಗೆ ಹೋಗುವ ಮೊದಲು ಕಚೇರಿಗೆ ಹೋಗಿ. ಕೊಟ್ಟ ಪತ್ರದ ಹಿಂದೆ ಬಿದ್ದು ಉತ್ತರ ತನ್ನಿ.

ಒಂದು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ. ಅಧ್ಯಕ್ಷರಾದ ಮಾರನೆಯ ದಿನದಿಂದಲೇ ನೆಂಟರು, ಊರಿನವರು, ಪಕ್ಷದವರು ಬರುತ್ತಾರೆ. ಆ ಠಾಣೆಯ ಇನ್‌ಸ್ಪೆಕ್ಟರು ನಿಮ್ಮ ಕೈಕೆಳಗೆ ಕೆಲಸ ಮಾಡಿದವರಲ್ಲವೇ, ಒಂದು ಫೋನ್ ಮಾಡಿ ಎನ್ನುತ್ತಾರೆ. ಮಾಡಬೇಡಿ. ಹಾಗೆ ಬಂದ ಫೋನುಗಳು ಸೇವೆಯಲ್ಲಿದ್ದಾಗ ನಮ್ಮ ತನಿಖೆಯನ್ನು ಹೇಗೆ ಕೆಡಿಸುತ್ತಿದ್ದವು ಎಂದು ನಿಮಗೆ ನಾನು ಹೇಳಬೇಕಿಲ್ಲ. ಸಂಘದ ಹೆಸರಲ್ಲಿ ಒಂದು ಕೇಸಿಗೆ ಬಾಯಿ ಹಾಕಿದರೆ, ಮುಂದೆ ವಿಧವೆಯ ಪಿಂಚಣಿಗೆಂದು ಹೋದಾಗಲೂ ಇವರು ಬಂದದ್ದೇಕೆ ಎಂದು ಅನುಮಾನದಿಂದಲೇ ನೋಡುತ್ತಾರೆ.

ಹಣದ ಲೆಕ್ಕವನ್ನು ವರ್ಷ ವರ್ಷ ಆಡಿಟ್ ಮಾಡಿಸಿ ನೋಂದಣಾಧಿಕಾರಿಗೆ ಸಲ್ಲಿಸಿ. ಅಷ್ಟು ಸಾಕು, ಉಳಿದದ್ದು ಖಜಾಂಚಿಗೆ ಗೊತ್ತು.

ಏಪ್ರಿಲ್ 2ರ ಪೊಲೀಸ್ ಧ್ವಜ ದಿನಾಚರಣೆಗೆ ನಿವೃತ್ತರೊಬ್ಬರನ್ನು ಮುಖ್ಯ ಅತಿಥಿಯಾಗಿ ಕರೆಯುವ ಪದ್ಧತಿ ಜಿಲ್ಲೆಗಳಲ್ಲಿದೆ. 1965ರ ಅದೇ ದಿನ ನಮ್ಮ ರಾಜ್ಯದ ಪೊಲೀಸ್ ಕಾಯ್ದೆ ಜಾರಿಗೆ ಬಂದದ್ದು. ಹೆಸರು ಸೂಚಿಸಿ ಎಂದು ಕೇಳಿದರೆ ನಿವೃತ್ತ ಪಿಸಿ ಒಬ್ಬರ ಹೆಸರನ್ನೇ ಕೊಡಿ. ಜೀವನವಿಡೀ ಸಲ್ಯೂಟ್ ಹೊಡೆದವರು ಒಂದು ದಿನ ಪರೇಡಿನ ಗೌರವ ಸ್ವೀಕರಿಸಲಿ. ಅವರ ಮೊಮ್ಮಕ್ಕಳು ಅದನ್ನು ನೋಡಲಿ.

ಅದಕ್ಕೂ ಮೊದಲು ಅಕ್ಟೋಬರ್ 21 ಬರುತ್ತದೆ. 1959ರಲ್ಲಿ ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಮಡಿದ ಹತ್ತು ಮಂದಿ ಪೊಲೀಸರ ನೆನಪಿನಲ್ಲಿ ಶುರುವಾದ ಹುತಾತ್ಮರ ದಿನ. ಆಯಾ ವರ್ಷ ಪ್ರಾಣ ಕೊಟ್ಟವರ ಹೆಸರು ಓದುತ್ತಾರೆ, ಮನೆಯವರು ಹೂ ಇಟ್ಟು ಊರಿಗೆ ಮರಳುತ್ತಾರೆ. ನೀವು ಅಂದು ಮುಂದಿನ ಸಾಲಿನಲ್ಲಿ ಕೂರುವುದು ಬೇಡ, ಆ ಮನೆಯವರ ಜೊತೆ ಕೂರಿ. ಅನುಕಂಪದ ನೌಕರಿಯ ಅರ್ಜಿ ಎಲ್ಲಿಗೆ ಬಂತು, ಕುಟುಂಬ ಪಿಂಚಣಿ ಬರುತ್ತಿದೆಯೇ, ಮಕ್ಕಳು ಎಲ್ಲಿ ಓದುತ್ತಿದ್ದಾರೆ, ಕೇಳಿ ಬರೆದುಕೊಳ್ಳಿ. ಸಂಘದ ಫೋನ್ ನಂಬರನ್ನು ದೊಡ್ಡ ಅಕ್ಷರದಲ್ಲಿ ಬರೆದು ಕೈಗೆ ಕೊಡಿ. ಫೋನ್ ಬಂದಾಗ ಎತ್ತಿ. ನನ್ನಿಂದ ಆಗುವ ಕೆಲಸವಿದ್ದರೆ ಯಾವ ಹೊತ್ತಿನಲ್ಲಾದರೂ ಹೇಳಿಕಳಿಸಿ, ಬರುತ್ತೇನೆ.