ಸ್ನಾನದ ಮನೆಯ ಗೀಸರ್ ನಿಂತಾಗ

ಕೋಲಾರ ತಾಲ್ಲೂಕಿನ ಕ್ಯಾಲನೂರಿನಂತಹ ಗ್ರಾಮಗಳಲ್ಲೂ ಹಂಡೆ ಒಲೆಯ ಜಾಗಕ್ಕೆ ವಿದ್ಯುತ್ ಗೀಸರ್ ಬರುತ್ತಿದೆ. ಬೆಳಗಿನ ಜಾವವೇ ಎದ್ದು ಹಾಲು ಕರೆದು ಡೇರಿಗೆ ಹಾಕುವ ಮನೆಗಳಲ್ಲಿ ಇದರಿಂದ ಸೌದೆಯ ಗೋಜು ತಪ್ಪಿದೆ. ಆದರೆ ಅದು ನಿಂತ ದಿನ, ಕಾಯಿಲ್ ಸುಟ್ಟಿತೆಂದು ತೀರ್ಮಾನಿಸಿ ಪೇಟೆಗೆ ಓಡುವವರುಂಟು. ಕ್ರಮವಾಗಿ ಪರೀಕ್ಷಿಸಿದರೆ ಹಣ ಉಳಿಯುತ್ತದೆ. ಕ್ರಮ ತಪ್ಪಿದರೆ ಪ್ರಾಣಕ್ಕೇ ಅಪಾಯ.

ಮುಚ್ಚಳ ತೆಗೆಯುವ ಮುನ್ನ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಮೆಯಿನ್ ಸ್ವಿಚ್ಚನ್ನೂ ತೆಗೆಯಬೇಕು. ಒದ್ದೆ ಕೈ, ಬರಿಗಾಲು ಕೂಡದು.

ಮೊದಲು ಪ್ಲಗ್ಗನ್ನೇ ನೋಡಿರಿ. 2 ಕಿಲೋವ್ಯಾಟ್ ಗೀಸರ್ ಸುಮಾರು 9 ಆಂಪಿಯರ್, 3 ಕಿಲೋವ್ಯಾಟಿನದು 13 ಆಂಪಿಯರ್ ವಿದ್ಯುತ್ ಎಳೆಯುತ್ತದೆ. ದೀಪಕ್ಕಾಗಿ ಹಾಕಿದ ಸಣ್ಣ ಸಾಕೆಟ್ಟಿಗೆ ಇದನ್ನು ಸಿಕ್ಕಿಸಿದರೆ ಪಿನ್ನು ಕಪ್ಪಾಗಿ, ತಂತಿಯ ತುದಿ ಕರಗಿ ಸಂಪರ್ಕ ಕಡಿಯುತ್ತದೆ. 16 ಆಂಪಿಯರ್ ಸಾಕೆಟ್ ಮತ್ತು ಅದಕ್ಕೆ ತಕ್ಕ ದಪ್ಪ ತಾಮ್ರದ ತಂತಿ ಇರಲೇಬೇಕು.

ನೀರು ಬಿಸಿಯಾಗುತ್ತಿದ್ದರೂ ತೀರ ನಿಧಾನವಾದರೆ ದೋಷ ಗೀಸರಿನದೇ ಎನ್ನಲಾಗದು. ವೋಲ್ಟೇಜ್ 230ರಿಂದ 180ಕ್ಕೆ ಇಳಿದಾಗ 2 ಕಿಲೋವ್ಯಾಟ್ ಕಾಯಿಲ್ ಕೊಡುವುದು ಸುಮಾರು 1.2 ಕಿಲೋವ್ಯಾಟ್ ಶಾಖವನ್ನು ಮಾತ್ರ. 15 ಲೀಟರ್ ನೀರನ್ನು 20ರಿಂದ 50 ಡಿಗ್ರಿಗೆ ಏರಿಸಲು 16 ನಿಮಿಷ ಸಾಕಾಗುತ್ತಿದ್ದುದು ಆಗ 26 ನಿಮಿಷವಾಗುತ್ತದೆ. ಹೊಸ ಕಾಯಿಲ್ ಹಾಕಿದರೂ ಇದು ಬದಲಾಗದು.

ನೀರು ತಣ್ಣಗೇ ಇದ್ದರೆ ಸೂಚಕ ದೀಪವನ್ನು ಗಮನಿಸಬೇಕು. ಸಾಮಾನ್ಯವಾಗಿ ದೀಪ ಉರಿದೂ ನೀರು ಕಾಯದಿದ್ದರೆ ಕಾಯಿಲ್ ಕಡಿದಿದೆ. ಸಾಕೆಟ್ಟಿನಲ್ಲಿ ವಿದ್ಯುತ್ ಇದ್ದೂ ದೀಪ ಉರಿಯದಿದ್ದರೆ ಥರ್ಮೋಸ್ಟಾಟನ್ನೋ ಕಟೌಟನ್ನೋ ಸಂದೇಹಿಸಬೇಕು. ಕೆಲವು ಕಟೌಟುಗಳಲ್ಲಿ ಒಂದು ಸಣ್ಣ ಗುಂಡಿ ಇರುತ್ತದೆ. ಗೀಸರ್ ಪೂರ್ತಿ ತಣ್ಣಗಾದ ಮೇಲೆ ಅದನ್ನು ಒಮ್ಮೆ ಒತ್ತಿ ನೋಡಬಹುದು. ಮತ್ತೆ ಹಾರಿದರೆ ಒಳಗೆ ಎಲ್ಲೋ ಶಾಖ ಮಿತಿಮೀರುತ್ತಿದೆ ಎಂದೇ ಅರ್ಥ. ಇಂತಹ ಸಂದರ್ಭದಲ್ಲಿ ಕಟೌಟನ್ನು ಬಿಟ್ಟು ನೇರವಾಗಿ ತಂತಿ ಜೋಡಿಸುವ 'ಉಪಾಯ'ವನ್ನು ಯಾರೇ ಹೇಳಿದರೂ ಕೇಳಬಾರದು. ತೊಟ್ಟಿ ಸಿಡಿಯದಂತೆ ಕಾಯುವ ಭಾಗಗಳಲ್ಲಿ ಅದೂ ಒಂದು.

ಕಾಯಿಲನ್ನು ತಂತಿಯಿಂದ ಬಿಡಿಸಿ ಮೀಟರಿನಲ್ಲಿ ಅಳೆದರೆ 2 ಕಿಲೋವ್ಯಾಟಿನದು ಸುಮಾರು 26 ಓಮ್, 3 ಕಿಲೋವ್ಯಾಟಿನದು 18 ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಕಡಿದಿದೆ. ಈ ಪರೀಕ್ಷೆಯನ್ನು ವೈರ್‌ಮನ್ ಕೈಯಲ್ಲೇ ಮಾಡಿಸುವುದು ಮೇಲು.

ಕಾಯಿಲ್ ಏಕೆ ಕೆಡುತ್ತದೆ? ನಮ್ಮ ಜಿಲ್ಲೆಯಲ್ಲಿ ಜೀವನದಿಯಿಲ್ಲ. ಸಾವಿರ ಅಡಿಗೂ ಕೆಳಗಿನಿಂದ ಬರುವ ಕೊಳವೆ ಬಾವಿಯ ನೀರು ಬಹಳ ಕಡೆ ಗಡಸು. ಕುಡಿಯುವ ನೀರಿನ ಭಾರತೀಯ ಮಾನಕದಂತೆ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು. ಬೇರೆ ನೀರಿಲ್ಲದೆಡೆ 600ರವರೆಗೆ ಒಪ್ಪಬಹುದು. ಹಂಡೆಯ ತಳದಲ್ಲಿ ಕಟ್ಟುತ್ತಿದ್ದ ಬಿಳಿ ಹಕ್ಕಳೆಯೇ ಕಾಯಿಲಿಗೂ ಕಟ್ಟುತ್ತದೆ. ಶಾಖ ನೀರಿಗೆ ಇಳಿಯದೆ ಒಳಗೇ ಉಳಿದು ಕಾಯಿಲ್ ಸುಡುತ್ತದೆ. ಆದುದರಿಂದ ಥರ್ಮೋಸ್ಟಾಟನ್ನು 50-55 ಡಿಗ್ರಿಗೆ ಇಟ್ಟುಕೊಳ್ಳಿರಿ. ನೀರು ಹೆಚ್ಚು ಕಾದಷ್ಟೂ ಹಕ್ಕಳೆ ಹೆಚ್ಚು. ವರ್ಷಕ್ಕೊಮ್ಮೆ ಕಾಯಿಲ್ ಬಿಚ್ಚಿಸಿ, ನಿಂಬೆ ಉಪ್ಪು ಕರಗಿಸಿದ ನೀರಿನಲ್ಲಿ ಅದರ ಕೊಳವೆಯ ಭಾಗವನ್ನಷ್ಟೇ ನೆನೆಸಿ, ಚೆನ್ನಾಗಿ ತೊಳೆದು ಹಾಕಿಸಬೇಕು. ಹನಿ ನೀರಾವರಿ ಪೈಪಿಗೆ ಬಿಡುವ ಆಮ್ಲವನ್ನು ಗೀಸರಿಗೆ ಸುರಿಯಬೇಡಿರಿ. ಅದು ಹಕ್ಕಳೆಯೊಂದಿಗೆ ಲೋಹವನ್ನೂ ತಿನ್ನುತ್ತದೆ.

ಇನ್ನೊಂದು ಕಾರಣವುಂಟು. ತ್ರೀ ಫೇಸ್ ಇಲ್ಲದೆ ಪಂಪು ಓಡದಿದ್ದಾಗ ಮೇಲಿನ ತೊಟ್ಟಿ ಬರಿದಾಗಿರುತ್ತದೆ, ಆದರೆ ಮನೆಗೆ ಸಿಂಗಲ್ ಫೇಸ್ ಇರುತ್ತದೆ. ಕೂಡಲೇ ನೀರು ಕಾಯಿಸುವ ಸಣ್ಣ ಗೀಸರನ್ನು ಆಗ ಹಾಕಿದರೆ ಬರಿ ಕಾಯಿಲ್ ಕಾಯುತ್ತದೆ. ಬಿಸಿ ನೀರಿನ ನಲ್ಲಿಯಲ್ಲಿ ಧಾರೆ ಬಂದ ಮೇಲೆಯೇ ಸ್ವಿಚ್ ಹಾಕಬೇಕು.

ನಲ್ಲಿ ಮುಟ್ಟಿದಾಗ ಜುಮ್ಮೆಂದರೆ ಅಥವಾ ಆರ್.ಸಿ.ಸಿ.ಬಿ. ಪದೇ ಪದೇ ಬಿದ್ದರೆ ಕಾಯಿಲಿನಿಂದ ವಿದ್ಯುತ್ ಸೋರುತ್ತಿರಬಹುದು. ಗೀಸರನ್ನು ಆ ಕ್ಷಣದಿಂದಲೇ ನಿಲ್ಲಿಸಿ, ರಿಪೇರಿ ಆಗುವವರೆಗೆ ಯಾರನ್ನೂ ಸ್ನಾನಕ್ಕೆ ಬಿಡಬೇಡಿರಿ. 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಇಲ್ಲದ ಮನೆಯವರು ಮೊದಲು ಅದನ್ನು ಹಾಕಿಸಿಕೊಳ್ಳಲಿ. ಅದರ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಅರ್ಥಿಂಗ್ ಗುಂಡಿಯನ್ನಂತೂ ತೋಡಿದ ಮೇಲೆ ನಾವು ಮರೆತೇಬಿಡುತ್ತೇವೆ. ಬೇಸಿಗೆಯಲ್ಲಿ ನಮ್ಮ ಕೆಂಪು ಮಣ್ಣು ಒಣಗಿದಾಗ ಸೋರುವ ವಿದ್ಯುತ್ತು ಸುಲಭವಾಗಿ ಭೂಮಿಗೆ ಇಳಿಯದು. ಆ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಗುಂಡಿಗೆ ಎರಡು ಕೊಡ ನೀರು ಹಾಕಿರಿ.